ಲಾಳಿ ಅಯ್ಯನವರ ಸೀರೆ

“ನಾಳೆ ಅವರ ಎದುರಿಗೇ ಎಡಗೈಯಲ್ಲಿ ಬರೆಯಬೇಕು. ಅವರ ಕಣ್ಣಿಗೆ ಪೊರೆ ಬಂದಿದೆಯಂತೆ. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಹೀಗೆ ಸಮಾಧಾನವಾಗುವುದು ಪಾಪವೇ?”

ಡೈರಿಯಲ್ಲಿ ಇಷ್ಟು ಬರೆದ ಅಂಬುಜಾಕ್ಷಿ, ಯಾರಾದರೂ ಇಣುಕಿಯಾರೆಂಬಂತೆ ಸಾಲಿನ ಮೇಲೆ ಅಂಗೈ ಮುಚ್ಚಿಕೊಂಡಳು. ಇಣುಕುವವರು ಯಾರೂ ಇರಲಿಲ್ಲ. ಮುಂದಿನ ಅಂಕಣದಲ್ಲಿ ಅಪ್ಪ ಗೋವಿಂದಯ್ಯನ ಮಗ್ಗ ತನ್ನ ಪಾಡಿಗೆ ಟಕಟಕ ಎನ್ನುತ್ತಿತ್ತು. ಅಮ್ಮ ವಿಜಯಮ್ಮ ಬಾಗಿಲ ಬೆಳಕಿಗೆ ಕೂತು ರೇಷ್ಮೆ ಸುತ್ತುತ್ತಿದ್ದಳು. ಅಜ್ಜಿ ಚಿಕ್ಕತಾಯಮ್ಮ ಜಗಲಿಯ ಮೇಲೆ ಹೋಗುವವರನ್ನೂ ಬರುವವರನ್ನೂ ವಿಚಾರಿಸಿಕೊಳ್ಳುತ್ತಿದ್ದಳು.

ಕೊಳ್ಳೇಗಾಲದ ಆ ನೇಕಾರರ ಬೀದಿಯಲ್ಲಿ ಬಿ.ಎ. ಮಾಡಿದ ಮೊದಲ ಹುಡುಗಿ ಅಂಬುಜಾಕ್ಷಿ. ಮೈಸೂರಿನಲ್ಲಿ ಮೂರು ವರ್ಷ ಓದಿ ಬಂದಿದ್ದಳು. ಬಂದು ಎರಡು ವರ್ಷವಾಗಿತ್ತು. ಬಾಯಿ ಮಾತ್ರ ಹೋದ ಹಾಗೆಯೇ ವಾಪಸು ಬಂದಿತ್ತು. ತರಗತಿಯಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂತು, ಹಾಸ್ಟೆಲಿಗೆ ಬಂದು ಆ ಉತ್ತರವನ್ನು ಡೈರಿಯಲ್ಲಿ ಬರೆಯುತ್ತಿದ್ದಳು. ಅಂಥ ಡೈರಿ ನಾಲ್ಕಾಗಿದ್ದವು. ಎಡಗೈ ಅವಳ ಇನ್ನೊಂದು ಸಂಕಟ. ಚಿಕ್ಕವಳಿದ್ದಾಗ ಬಿದ್ದ ಪೆಟ್ಟುಗಳಿಗೆ ಹೆದರಿ ಊಟ ಬಲಗೈಗೆ ಹೋಗಿತ್ತು, ಬರವಣಿಗೆ ಹೋಗಿರಲಿಲ್ಲ. ಆದರೆ ಅಕ್ಷರಗಳು ಮುತ್ತಿನಂತೆ ಇದ್ದವು. ಆ ಅಕ್ಷರವೇ ಈಗ ತೊಂದರೆ ತಂದಿತ್ತು.

ಮಿಷನ್ ಶಾಲೆಯ ಹೆಡ್ಮಿಸ್ಟ್ರೆಸ್ ಸಾರಮ್ಮನವರು ಹಿಂದಿನ ವಾರ ಮನೆಗೇ ಬಂದಿದ್ದರು. ಅವರು ಮೈಸೂರಿನ ಕಡೆಯವರು, ಊರಿಗೆ ಹೊಸಬರು. ಆ ವರ್ಷ, ಅಂದರೆ ಅರವತ್ತೇಳರಲ್ಲಿ, ಲಾಳಿ ಅಯ್ಯನವರ ಸೇವೆಗೆ ಐವತ್ತು ತುಂಬುತ್ತಿತ್ತು. ಅವರ ಜೀವನ ಚರಿತ್ರೆಯನ್ನು ಪುಸ್ತಕ ಮಾಡಬೇಕು. ಅಯ್ಯನವರು ಹೇಳುತ್ತಾರೆ, ಬರೆದುಕೊಳ್ಳುವವರು ಬೇಕು. “ನಿಮ್ಮ ಹುಡುಗಿ ಮಾತಾಡೋದು ಕಡಿಮೆಯಂತೆ. ಅದೇ ಬೇಕಾಗಿರೋದು. ಆ ಯಜಮಾನರು ಇನ್ನೊಬ್ಬರಿಗೆ ಮಾತಾಡೋಕೆ ಎಲ್ಲಿ ಬಿಡ್ತಾರೆ!” ಎಂದು ಸಾರಮ್ಮ ನಕ್ಕಿದ್ದರು.

ಯೋಹಾನ ಚೌಡಯ್ಯ ಎಂದರೆ ಯಾರಿಗೂ ಗೊತ್ತಾಗದು. ಲಾಳಿ ಅಯ್ಯ ಎಂದರೆ ಎಳಂದೂರಿನ ಸಂತೆಯಿಂದ ಹನೂರು ದಾಟಿ ಗೋಪಿನಾಥಂನ ಕಾಡಿನ ತನಕ ಎಲ್ಲರಿಗೂ ಗೊತ್ತು. ಮಗ್ಗದಲ್ಲಿ ಅಡ್ಡನೂಲು ಹಾಯಿಸುವ ನೇಕಾರನ ಲಾಳಿಯೊಂದನ್ನು ಕೈಯಲ್ಲಿ ಹಿಡಿದು, ಮರದ ಕೆಳಗೋ ಸಂತೆಯ ಮೂಲೆಯಲ್ಲೋ ನಿಂತು ಯೇಸುವಿನ ಮಾತು ಹೇಳುತ್ತ ಐವತ್ತು ವರ್ಷ ನಡೆದವರು. ಅವರ ಪ್ರಾರ್ಥನೆಗೆ ಬಾರದವರೂ ಅವರ ಕತೆಗೆ ಬರುತ್ತಿದ್ದರು. ಈಗ ಎಪ್ಪತ್ತೆರಡು ವರ್ಷ. ಕಣ್ಣು ಮಂಜಾದ ಮೇಲೆ ಕಾಡಿನ ಕಡೆಯ ಊರುಗಳನ್ನು ಬಿಟ್ಟು, ಹೋದ ವರ್ಷವಷ್ಟೇ ಕೊಳ್ಳೇಗಾಲದ ಚರ್ಚಿನ ಹಿಂದಿನ ಮನೆಗೆ ಬಂದಿದ್ದರು.

ಸಾರಮ್ಮನವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಈ ಲಾಳಿ ಅಯ್ಯ ಚಿಕ್ಕತಾಯಮ್ಮನ ಒಡಹುಟ್ಟಿದ ಅಣ್ಣ.

ಸಾರಮ್ಮ ಅತ್ತ ಹೋಗುತ್ತಲೇ ಗೋವಿಂದಯ್ಯ ಮಗ್ಗ ನಿಲ್ಲಿಸಿದ. “ಊರಿಗೆಲ್ಲ ಅಯ್ಯ ಆದೋನು ಮನೆಗೇನಾದ? ನಮ್ ತಾತ ಸತ್ತಾಗ ಎಗಲು ಕೊಡಕ್ಕೆ ಬಂದ್ನಾ? ನನ್ ಮಗಳು ಓಗಿ ಅವನ ಪುರಾಣ ಬರಕಂಡು ಕೂರ್ಬೇಕಾ?”

“ಯಾರ್ಲಾ ಏಳಿ ಕಳ್ಸಿದ್ರು ಅವನ್ಗೆ?” ಜಗಲಿಯಿಂದ ಅಜ್ಜಿಯ ದನಿ ಬಂತು.

ಅಣ್ಣನ ವಿಷಯಕ್ಕೆ ಚಿಕ್ಕತಾಯಮ್ಮ ಬಾಯಿ ತೆರೆದದ್ದನ್ನು ಗೋವಿಂದಯ್ಯ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಓಗ್ಲಿ ಬುಡ್ಲಾ,” ಎಂದಳು ಅಜ್ಜಿ. “ಬಿ.ಎ. ಮಾಡ್ಸಿದ್ದು ಕದದ ಸಂದೀಲಿ ನಿಲ್ಲಕ್ಕಾ?”

ಡೈರಿ ಬರೆದ ಮರುದಿನ ಅಂಬುಜಾಕ್ಷಿ ಹೋದಾಗ ಅಯ್ಯನವರು ಹಗ್ಗದ ಮಂಚದ ಮೇಲೆ ಕೂತಿದ್ದರು. ಎತ್ತರದ ಆಳು, ಬಾಗಿದ ಬೆನ್ನು, ಬೆಳ್ಳಗಿನ ಗಡ್ಡ. ಬಲಗೈಯಲ್ಲಿ ಲಾಳಿ. ಐವತ್ತು ವರ್ಷ ಕೈಯಲ್ಲಿ ಆಡಿ ಆಡಿ ಅದು ಹುಣಿಸೆ ಬೀಜದ ಹಾಗೆ ಕಪ್ಪಗೆ ನುಣುಪಾಗಿತ್ತು.

“ಬಾರವ್ವ. ಯಾರ ಮಗಳು ನೀನು?”

“ಗೋವಿಂದಯ್ಯನವರ ಮಗಳು.”

“ಅಯ್ಯೋ, ನಮ್ ಬೀದೀಲಿ ಕಣ್ಮುಚ್ಕಂಡು ಕಲ್ಲೊಗುದ್ರೆ ಯಾವ್ದಾರ ಒಬ್ಬ ಗೋವಿಂದಯ್ಯಂಗೆ ಬೀಳ್ತದೆ. ಓಗ್ಲಿ ಬುಡು. ಕೂತ್ಕೊ.”

ಚಿಕ್ಕತಾಯಮ್ಮನ ಮೊಮ್ಮಗಳು ಎಂದು ಆಗಲೇ ಹೇಳಬಹುದಿತ್ತು. ಅವಳು ನೋಟ್‌ಬುಕ್ ಬಿಡಿಸಿ, ಮೈಯನ್ನು ಅರ್ಧ ತಿರುಗಿಸಿ, ಎಡಗೈಗೆ ಪೆನ್ನು ತೆಗೆದುಕೊಂಡಳು. ಅಯ್ಯನವರು ಹುಟ್ಟಿದ ವರ್ಷ, ತಂದೆಯ ಹೆಸರು ಹೇಳಿದರು. ನಾಲ್ಕು ಸಾಲು ಆಗಿರಬಹುದು, ತಟ್ಟನೆ ನಿಲ್ಲಿಸಿ ಕಿವಿ ನಿಗುರಿಸಿದರು.

“ಪೆನ್ನಿನ ಸದ್ದು ಆ ಪಕ್ಕದಿಂದ ಬತ್ತಾ ಅದಲ್ಲವ್ವ! ಎಡಗೈಯಾ?”

ಅಂಬುಜಾಕ್ಷಿಯ ಕಿವಿ ಬಿಸಿಯಾಯಿತು. ಪೆನ್ನನ್ನು ಮುಚ್ಚಿಡುವುದೋ ಎದ್ದು ಹೋಗುವುದೋ ತಿಳಿಯಲಿಲ್ಲ. ಅಯ್ಯನವರು ಮಂಚ ಕಿರುಗುಟ್ಟುವ ಹಾಗೆ ನಕ್ಕರು.

“ನಾಚ್ಕೋಬೇಡ ಕಣವ್ವ. ನಮ್ ಕರ್ತ ಯೇಸುವೂ ಎಡಚನೇಯ. ಸುಳ್ಳಲ್ಲ, ಸಾಕ್ಷಿ ಮಡಗಿವ್ನಿ. ಆ ಕತೆ ಈಗ ಏಳಕಿಲ್ಲ. ಅದು ಪಾಯ್ಸ. ಕೊನೇಲಿ ಬಡಿಸ್ಬೇಕು.”

ಅವಳ ಎಡಗೈಯನ್ನು ಕಂಡು ಹೀಗೆ ಸಂತೋಷಪಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಅಂದು ಮನೆಗೆ ಬಂದು ಡೈರಿಯಲ್ಲಿ ಒಂದೇ ಸಾಲು ಬರೆದಳು: “ಅವರು ನನಗೆ ಇಷ್ಟವಾದರು. ಇದೂ ಒಂದು ತೊಂದರೆಯೇ.”

ದಿನಾ ಬೆಳಗ್ಗೆ ಒಂಬತ್ತರಿಂದ ಹನ್ನೊಂದರ ತನಕ ಕತೆ. ದೇವರ ಕರೆ ಬಂದ ಬಗೆಯನ್ನು ಅವರು ಮೂರು ದಿನ ಹೇಳಿದರು. ಆಗ ಅವರಿಗೆ ಇಪ್ಪತ್ತೆರಡು. ಅಪ್ಪನಿಗೆ ತೋಳು ಮುರಿದು ಮಗ್ಗಕ್ಕೆ ಕೂರುವ ಹಾಗಿರಲಿಲ್ಲ, ನೇಯುವವನು ಚೌಡಯ್ಯ ಒಬ್ಬನೇ. ಜರಿ ತರಲು ಎಳಂದೂರಿಗೆ ಹೋಗಿ ವಾಪಸು ಬರುವಾಗ ಸುವರ್ಣಾವತಿಯಲ್ಲಿ ನೀರು ಏರಿತ್ತು. ತಲೆಯ ಮೇಲೆ ಜರಿಯ ಗಂಟು, ಕಾಲು ಮುಂದಿಡಲು ಧೈರ್ಯವಿಲ್ಲ.

“ದಡದಾಗೆ ಬಡಪಾಯಿ ಉಪದೇಶಿ ಒಬ್ಬ ನಿಂತಿದ್ದ. ಅರುದಿರೋ ಕೋಟು. ‘ತತ್ತಾ ಇಲ್ಲಿ’ ಅಂದು ನನ್ನ ಗಂಟು ಅವನ ತಲೆ ಮ್ಯಾಲಿಕ್ಕಂಡು, ನನ್ನ ಕೈ ಇಡ್ಕಂಡು ನೀರಿಗಿಳುದ. ಎದೆಮಟ್ಟ ನೀರು ಕಣವ್ವ. ಆ ಮನುಸ ಆಡ್ತಾವ್ನೆ! ನಂಗೆ ಜೀವ ಓಯ್ತಾ ಅದೆ, ಅವನು ರಾಗ ಎಳೀತಾವ್ನೆ. ಆಚೆ ದಡಕ್ಕೆ ಬಂದ್ಮೇಲೆ ಕೇಳ್ದೆ, ‘ಯಾಕಯ್ಯ ಆಡ್ತೀಯೆ?’ ಅಂತ. ‘ಒರೆ ನಿಂದು, ಆಡು ನಂದು’ ಅಂದ. ಕೂಲಿ ಕೊಡಕೋದ್ರೆ ತಗಳ್ನಿಲ್ಲ. ಅವನ ಎಸರೂ ಕೇಳ್ನಿಲ್ಲ ನಾನು, ದಡ್ಡ.”

ಹನ್ನೆರಡು ದಿನದ ಮೇಲೆ ಅದೇ ಹಾಡು ಅವರ ಬೀದಿಯಲ್ಲಿ ಹಾದುಹೋಯಿತು. ಚೌಡಯ್ಯ ಮಗ್ಗದ ಮುಂದೆ ಕಾಲು ಇಳಿಬಿಟ್ಟು ಕೂರುವ ಗುಂಡಿಯಿಂದ ಎದ್ದು, ಮೇಲಂಗಿಯೂ ಇಲ್ಲದೆ ಆ ಹಾಡಿನ ಹಿಂದೆ ಹೊರಟುಬಿಟ್ಟ. ಕೈಯಲ್ಲಿ ಲಾಳಿ ಇದೆಯೆಂಬುದು ಗೊತ್ತಾದದ್ದು ಹನೂರು ತಲುಪಿದ ಮೇಲೆ.

ಆಮೇಲಿನದು ನಡಿಗೆಯ ಕತೆ. ಗೋಪಿನಾಥಂ ಕಡೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಉಪದೇಶ ಮಾಡಿದರೆ, ಎರಡರಲ್ಲೂ ತಪ್ಪು ಹಿಡಿದು ತಿದ್ದುವ ಮುದುಕಿಯರು. ಕಾಡಿನ ದಾರಿಯಲ್ಲಿ ಒಂದು ಸಲ ಆನೆ ಅಡ್ಡ ನಿಂತಿತಂತೆ. “ಸಾಯೋದು ಎಂಗೂ ಐತಲ್ಲ, ಆಡ್ಕಂಡೇ ಸಾಯಾನ ಅಂತ ಗಟ್ಟಿಯಾಗಿ ಆಡ್ದೆ. ಆನೆ ಒಂಟೋಯ್ತು. ಜನ ಮಹಿಮೆ ಅಂದ್ರು. ನನ್ ದನಿ ನಂಗೊತ್ತಿಲ್ವಾ? ತಡೀನಾರದೆ ಓಯ್ತು ಅದು.”

ಅಂಬುಜಾಕ್ಷಿಗೆ ನಗು ಬಂತು. ಗಟ್ಟಿಯಾಗಿಯೇ ಬಂತು. ತನ್ನ ನಗೆ ಕೇಳಿ ತಾನೇ ಬೆಚ್ಚಿದಳು.

ಮನೆಯಲ್ಲಿ ಅಜ್ಜಿಗೆ ಏನೂ ಬೇಕಾಗಿರಲಿಲ್ಲ. ಹಾಗೆಂದು ಅವಳೇ ಹೇಳುತ್ತಿದ್ದಳು. “ನಂಗ್ಯಾಕಮ್ಮಿ ಅವನ ಸುದ್ದಿ,” ಎಂದು ಮೊರ ತೆಗೆದುಕೊಂಡು ಕೂತು, ಒಂದು ಹಿಡಿ ಅಕ್ಕಿ ಆರಿಸುವಷ್ಟರಲ್ಲಿ, “ಕೆಮ್ತಾನಾ?” ಎಂದು ಕೇಳುವಳು. ಇನ್ನೊಂದು ಹಿಡಿಗೆ, “ಊಟ ಯಾರು ಮಾಡಿಕ್ತಾರೆ?” ಮೂರನೆಯದಕ್ಕೆ, “ಉಳ್ಳೀಕಾಳು ಸಾರು ಅಂದ್ರೆ ಪ್ರಾಣ ಬುಡ್ತಿದ್ದ, ಈಗ ಅಗಿಯಾಕೆ ಅಲ್ಲು ಎಲ್ಲವೆ?” ಅಂಬುಜಾಕ್ಷಿ ಒಂದೊಂದಕ್ಕೂ ಒಂದೊಂದು ಮಾತಿನಲ್ಲಿ ಉತ್ತರ ಕೊಡುವಳು. ಅಷ್ಟಕ್ಕೇ ಅಜ್ಜಿಯ ಮುಖ ಎಣ್ಣೆ ಹಚ್ಚಿದಂತಾಗುತ್ತಿತ್ತು.

ಪಾಯಸ ಬಡಿಸುವ ದಿನ ಬಂತು. ಆ ಕತೆಯನ್ನು ಹೇಳುವಾಗ ಅಯ್ಯನವರು ಮಂಚದಿಂದ ಇಳಿದು, ಸಂತೆಯಲ್ಲಿ ನಿಲ್ಲುವ ಹಾಗೆ ಗೋಡೆಗೆ ಬೆನ್ನು ಕೊಟ್ಟು ನಿಂತರು.

“ನಾನು ಎದ್ದೋದಾಗ ಮಗ್ಗದಾಗೆ ಇದ್ದಿದ್ದು ಮದ್ವೆ ಸೀರೆ ಕಣವ್ವ. ಮಧುವನಹಳ್ಳಿಗೆ ಸೊಸೆಯಾಗಿ ಓಗೋ ಚನ್ನಮಲ್ಲಮ್ಮ ಅನ್ನೋ ಎಣ್ಣಿಂದು. ಕುಂಕುಮದ ಒಡಲು, ಅಸ್ರು ಅಂಚು. ಮೂರು ಮೊಳ ಬಾಕಿ ಇತ್ತು. ಬುಟ್ಟು ಒಂಟೋದೆ. ಒಂದೊರ್ಸ ಆದ್ಮೇಲೆ ಅಪ್ಪನ ಕಾಲಿಗೆ ಬೀಳಾನ ಅಂತ ಬಂದೆ. ಅಪ್ಪ ಒಸ್ಲು ಮ್ಯಾಲೆ ನಿಂತ್ಕಂಡು ಅಂದ: ‘ಕಳ್ಳನಂಗೆ ಬಂದು ಸೀರೆ ಮುಗ್ಸಿಟ್ಟು ಓದ್ಯಲ್ಲ, ಆಟು ಮರ್ವಾದೆ ಇತ್ತಲ್ಲ ನಿಂಗೆ. ಅದಕ್ಕೆ ಬಯ್ಯಕಿಲ್ಲ. ಒಸ್ಲು ದಾಟ್ಬೇಡ, ಓಗು.’ ನಂಗೆ ತಲೆ ಗಿರ್ರಂತು. ನಾನೆಲ್ಲಿ ಬಂದಿದ್ದೆ? ಅನೂರಿಂದ ಈಚೆಗೆ ಕಾಲೇ ಇಕ್ಕಿರ್ನಿಲ್ಲ!”

ಅಲ್ಲಿಂದ ನೇರ ಮಧುವನಹಳ್ಳಿಗೆ ನಡೆದರಂತೆ. ಹೊಸ ಸೊಸೆ ಚನ್ನಮಲ್ಲಮ್ಮ ಸೀರೆ ತಂದು ತೋರಿಸಿದಳು. ಸೀರೆ ಮುಗಿದಿತ್ತು, ಒಂದು ಎಳೆಯ ಕೊರತೆಯಿಲ್ಲದೆ. ಅವರು ಅದನ್ನು ತಿರುಗಿಸಿ ಹಿಂಬದಿಗೆ ಬೆರಳಾಡಿಸಿದರು. ನೇಯುವಾಗ ಕಡಿದ ಎಳೆಯನ್ನು ನೇಕಾರ ಬೆರಳಲ್ಲಿ ಹೊಸೆದು ಕೂಡಿಸುತ್ತಾನೆ. ಬಲಗೈಯವನ ಹೊಸೆತ ಒಂದು ಕಡೆಗೆ ತಿರುಗಿರುತ್ತದೆ, ಎಡಗೈಯವನದು ಇನ್ನೊಂದು ಕಡೆಗೆ. ಕಣ್ಣಿಗೆ ಕಾಣದು, ನೇಕಾರನ ಬೆರಳಿಗೆ ಸಿಗುತ್ತದೆ.

“ಎಲ್ಲ ಎಡಗೈ ಒಸತ! ನಾನು ಬಲಗೈಯೋನು, ನಮ್ಮಪ್ಪ ಬಲಗೈಯೋನು. ನಮ್ ಬೀದೀಲಿ ಮಗ್ಗಕ್ಕೆ ಕೂರೋ ಗಂಡಸು ಒಬ್ಬನೂ ಎಡಚ ಇರ್ನಿಲ್ಲ. ಮತ್ತೆ ನೇಯ್ದೋರು ಯಾರು? ‘ನನ್ ಕೆಲ್ಸಕ್ಕೆ ನೀನು ಬಾ, ನಿನ್ ಕೆಲ್ಸ ನಾನು ನೋಡ್ಕತೀನಿ’ ಅಂದ ನನ್ನ ಯಜಮಾನ, ಗುಂಡೀಗಿಳಿದು ಕೂತು ನೇಯ್ದು ಕೊಟ್ಟವ್ನೆ ಕಣವ್ವ!”

ಐವತ್ತು ವರ್ಷ ಸಾವಿರ ಸಲ ಹೇಳಿದ್ದರೂ ಅವರ ಮಂಜುಗಣ್ಣಲ್ಲಿ ನೀರು ಬಂತು. ಅಂಬುಜಾಕ್ಷಿ ಅಷ್ಟನ್ನೂ ಬರೆದುಕೊಂಡಳು.

ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಬೂದಿಯನ್ನು ಬೆರಳಿಗೆ ಮುಟ್ಟಿಸಿಕೊಂಡು, ಹತ್ತಿಯ ಎಳೆಯನ್ನು ತೊಡೆಯ ಮೇಲಿಟ್ಟು, ಅಂಗೈಯಿಂದ ಸರ್ರನೆ ಒಂದು ತಳ್ಳು. ಎಡ ಅಂಗೈಯಿಂದ. ದಿನಾ ನೋಡುತ್ತಿದ್ದ ಕೈ ಅದು. ಅಂಬುಜಾಕ್ಷಿಗೆ ಎಡಗೈ ಬಂದದ್ದೇ ಅಜ್ಜಿಯಿಂದ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆದರೂ ಅಂದು ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಇನ್ನೊಂದನ್ನು ಎತ್ತಲಾರದೆ ನಿಂತುಬಿಟ್ಟಳು.

“ಏನಮ್ಮಿ, ಅಂಗ್ ನೋಡ್ತೀಯೆ? ಇವತ್ತೇನಂದ?”

“ಸೀರೆ ಕತೆ ಹೇಳಿದರು.” ಅಂಬುಜಾಕ್ಷಿ ಅಜ್ಜಿಯ ಪಕ್ಕ ಕೂತಳು. “ಮೂರು ಮೊಳ ಬಾಕಿ ಇತ್ತಂತೆ. ದೇವರು...”

“ಮೂರು ಮೊಳಾನಾ!” ಚಿಕ್ಕತಾಯಮ್ಮನ ಕೈಯ ಬತ್ತಿ ನಿಂತಿತು. “ಸುಳ್ಳ! ಐದು ಮೊಳದ ಮ್ಯಾಲೊಂದು ಗೇಣು!”

ಆಡಿದ ಮಾತು ಆಡಿಯಾಗಿತ್ತು. ಅಜ್ಜಿ ಒಳಗೊಮ್ಮೆ ಬೀದಿಗೊಮ್ಮೆ ನೋಡಿದಳು. ಮಗ ಮಗ್ಗದಲ್ಲಿದ್ದ, ಆ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ. ಸೊಸೆ ಹಿತ್ತಲಲ್ಲಿದ್ದಳು.

“ನಂಗಾಗ ಅದಿಮೂರು,” ಎಂದಳು ತಗ್ಗಿದ ದನಿಯಲ್ಲಿ. “ಮದ್ವೆ ಎಣ್ಣಿನ ಸೀರೆ ಅರ್ಧಕ್ಕೆ ನಿಂತ್ರೆ, ನಿಲ್ಸಿದೋನಿಗೆ ಶಾಪ ತಟ್ತದೆ ಅಂತ ನಮ್ಮಲ್ಲಿ ಮಾತು. ಅಣ್ಣನ ತಲೆ ಮ್ಯಾಲೆ ಆ ಶಾಪ ಬರಬಾರ್ದು ಅಂತ ನಂಗೆ. ಆಗ ನಮ್ಮಲ್ಲಿ ಎಣ್ಣೆಂಗಸ್ರು ನೂಲು ಸುತ್ಬೋದು, ನೂಲಿಗೆ ಗಂಜಿ ಆಕ್ಬೋದು, ಗುಂಡಿಗೆ ಮಾತ್ರ ಕಾಲಿಕ್ಕಂಗಿಲ್ಲ. ಮಗ್ಗಕ್ಕೆ ಮೈಲಿಗೆ ಅನ್ನೋರು. ಅಪ್ಪ ಕೈ ಮುರ್ಕಂಡಿದ್ರೂ ಮಗನ್ನ ಉಡುಕ್ತೀನಿ ಅಂತ ದಿನಾ ಊರೂರು ಅಲೀತಿದ್ದ. ಅಪ್ಪ ಅತ್ಲಾಗೆ ಓದೇಟ್ಗೆ ನಾನು ಗುಂಡೀಗೆ. ತುಳಿಯೋ ಅಲಗೆ ಕಾಲ್ಗೆ ಎಟುಕ್ತಿರ್ನಿಲ್ಲ. ಅವ್ವ ಅದರ ಮ್ಯಾಲೊಂದು ಮಣೆ ಕಟ್ಟಿ, ಕದ ಆಕ್ಕಂಡು ಬಾಗ್ಲಲ್ಲಿ ಕೂತ್ಲು. ಲಾಳೀನೂ ಒತ್ಕಂಡೋಗಿದ್ನಲ್ಲ ಮಾರಾಯ! ನಮ್ ತಾತನ ಕಾಲದ ಲಾಳಿ ಅಟ್ಟದಿಂದ ತಗ್ದೆ. ಒಂಬತ್ತು ದಿನ. ಸಂಜೆ ಅಪ್ಪ ಬರೋದ್ರಾಗೆ ಮಗ್ಗದ ಮ್ಯಾಲೆ ಬಟ್ಟೆ ಮುಚ್ತಿದ್ದೊ. ಮುಗುದ ಮ್ಯಾಲೆ, ‘ನಿಮ್ ಮಗ ಬಂದು ಮುಗ್ಸಿಟ್ಟು ಓದ’ ಅಂತ ಅವ್ವ ಅಪ್ಪಂಗೆ ಏಳಿದ್ಲು.”

“ಅವರಿಗೆ ನೀನು ಎಡಚಿ ಅಂತ ಗೊತ್ತಿರಲಿಲ್ಲವಾ ಅಜ್ಜಿ?”

“ಗೊತ್ತಿಲ್ದೇನು! ಎಡಚಿ ಎಡಚಿ ಅಂತ ನನ್ ಜಡೆ ಎಳ್ದು ರೇಗಿಸ್ತಿದ್ದೋನೇ ಅವನು.”

ಹಾಗಾದರೆ ಯಾಕೆ ಹೊಳೆಯಲಿಲ್ಲ ಎಂದು ಕೇಳಲು ಹೊರಟು ಅಂಬುಜಾಕ್ಷಿ ತಡೆದಳು. ಕಾರಣ ಅವಳಿಗೇ ತಿಳಿದುಹೋಯಿತು. ಹೆಣ್ಣು ಕಾಲಿಡದ ಆ ಗುಂಡಿಗೆ ಪರಲೋಕದಿಂದ ದೇವರು ಇಳಿದು ಬಂದ ಎಂದು ನಂಬುವುದು ಅವರಿಗೆ ಸುಲಭವಾಗಿತ್ತು. ಅಡುಗೆಮನೆಯಿಂದ ತಂಗಿ ಇಳಿದು ಬಂದಳೆಂಬುದು ಕನಸಿಗೂ ಬಂದಿರಲಿಲ್ಲ.

“ಒಂದಪ ಎಳಂದೂರು ಸಂತೇಲಿ ಅವನು ಭಾಸ್ಣ ಮಾಡ್ತಾ ಸಿಕ್ದ,” ಎಂದಳು ಅಜ್ಜಿ. “ನಿಮ್ಮಪ್ಪ ಕಂಕುಳ ಕೂಸು. ನಿನ್ ತಾತ ಎತ್ತು ನೋಡಾಕೆ ಓಗಿದ್ರು. ನಾನು ಬದ್ನೆಕಾಯಿ ಆರಿಸೋ ನೆಪದಾಗೆ ನಿಂತ್ಕಂಡು ಪೂರಾ ಕೇಳ್ದೆ. ಇದೇ ಕತೆ. ಜನ ಅಳ್ತಾವ್ರೆ ಕಣಮ್ಮಿ, ನಂಗೂ ಅಳು ಬಂತು. ಬದ್ನೆಕಾಯೋನು, ‘ಏನಮ್ಮ, ಇಚುಕಿ ಇಚುಕಿ ಎಲ್ಲ ಆಳು ಮಾಡ್ದಲ್ಲ’ ಅಂತ ಬೈದ.”

“ಹೇಳಬೇಕು ಅನ್ನಿಸಲಿಲ್ಲವಾ?”

“ಯಾಕೆ ಏಳ್ಳಿ? ದೇವ್ರು ನೇಯ್ದ ಅಂದ್ರೆ ಜನ ನಿಂತು ಕೇಳ್ತಾರೆ. ಚಿಕ್ಕತಾಯಿ ನೇಯ್ದ್ಲು ಅಂದ್ರೆ ಎದ್ದೋಯ್ತಾರೆ. ಅವನಿಗೆ ಇರೋದೇ ಅದೊಂದು. ನೀನೂ ಏಳ್ಬೇಡ.” ಆಮೇಲೆ ತಾನೇ ನಕ್ಕು, ಬೂದಿಯ ಬೆರಳಿನಿಂದ ಮೊಮ್ಮಗಳ ಕೆನ್ನೆ ಹಿಂಡಿದಳು. “ನಿಂಗೆ ಬೇರೆ ಏಳ್ತೀನಲ್ಲ ನಾನು! ನಿಂಗೇಳುದ್ರೆ ಬಾವಿಗೇಳ್ದಂಗೆ.”

ಪ್ರೀತಿಯಿಂದ ಆಡಿದ ಮಾತೇ ಅದು. ಆದರೆ ಅಂಬುಜಾಕ್ಷಿಗೆ ಎಲ್ಲೋ ಮುಳ್ಳು ಮುರಿದಂತಾಯಿತು.

ಮುಂದಿನ ಒಂದು ವಾರ ಡೈರಿಯ ಪುಟಗಳಲ್ಲಿ ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ಹೇಳಿದರೆ ಆ ಮುದುಕರ ಐವತ್ತು ವರ್ಷದ ಊರುಗೋಲನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಅಜ್ಜಿಯ ಒಂಬತ್ತು ದಿನ, ಮಣೆ ಕಟ್ಟಿಕೊಂಡು ತುಳಿದ ಆ ಹದಿಮೂರರ ಕಾಲು, ಎಲ್ಲವೂ ಅವಳ ಕೈಯಿಂದಲೇ ಅಚ್ಚಿಗೆ ಹೋಗಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅದೂ ಎಡಗೈಯಿಂದ. ಕೊನೆಗೆ ಅವಳು ಹೀಗೆ ಬರೆದಳು: “ಅಜ್ಜಿಯ ಗುಟ್ಟು ಅಜ್ಜಿಯದು. ನಾನು ಬರೆಯುವವಳು ಮಾತ್ರ.” ಬರೆದು, ಇದನ್ನು ನಾನೇ ನಂಬುವುದಿಲ್ಲ ಎಂದು ಅದರ ಕೆಳಗೇ ಬರೆದಳು.

ಮೈಸೂರಿನ ಪ್ರೆಸ್ಸಿನವರು ಕೊನೆಯ ಅಧ್ಯಾಯ ಕೇಳಿ ಕಾಗದ ಹಾಕಿದ್ದರು. ಅದನ್ನು ಸೀರೆಯ ಎದುರಿಗೇ ಕೂತು ಹೇಳುತ್ತೇನೆಂದು ಅಯ್ಯನವರು ಹಟ ಹಿಡಿದರು. ಒಂದು ಬೆಳಗ್ಗೆ ಸಾರಮ್ಮ ಜಟಕಾ ಗೊತ್ತುಮಾಡಿ, ಅಯ್ಯನವರನ್ನೂ ಅಂಬುಜಾಕ್ಷಿಯನ್ನೂ ಮಧುವನಹಳ್ಳಿಗೆ ಕಳಿಸಿದರು.

ಚನ್ನಮಲ್ಲಮ್ಮನ ಮನೆ ದೊಡ್ಡ ತೊಟ್ಟಿಮನೆ. ಆಕೆ ಹಣೆಯ ತುಂಬ ವಿಭೂತಿ ಧರಿಸಿದ, ತುಂಬಿದ ಮೈಯ ಅಜ್ಜಿ. ಮಗ ಷಡಕ್ಷರಿ ಗದ್ದೆಗೆ ಹೊರಟವನು ನಿಂತು, ಅಯ್ಯನವರ ಕೈ ಹಿಡಿದು ನಡುಮನೆಯ ಚಾಪೆಯ ತನಕ ಕರೆತಂದು ಕೂರಿಸಿ ಹೋದ.

“ಏನಯ್ನೋರೇ, ನನ್ ಮದ್ವೆ ಸೀರೇನ ಕಟ್ಕಂಡ ಗಂಡನೂ ಇಷ್ಟೊಂದ್ಸಲ ನೋಡಿರ್ನಿಲ್ಲ ಕಣ್ರಿ,” ಎಂದು ಚನ್ನಮಲ್ಲಮ್ಮ ನಗುತ್ತ ಪೆಟ್ಟಿಗೆ ತೆಗೆದರು.

“ನಿಮ್ ಯಜಮಾನ್ರು ನಿಮ್ಮನ್ನ ನೋಡ್ತಿದ್ರು, ಸೀರೆ ಎಲ್ಲಿ ಕಂಡಾತು?”

“ಓಗಿ ಅತ್ಲಾಗೆ! ನಿಮ್ ಕರ್ತನೋ ನಮ್ ಬೆಟ್ಟದ ಮಾದಪ್ಪನೋ ನಂಗೊತ್ತಿಲ್ಲ. ನೇಯ್ದೋರು ಮಾತ್ರ ವೈನಾಗಿ ನೇಯ್ದವ್ರೆ. ಇಗಳಿ.”

ಒಣಗಿದ ಬೇವಿನೆಲೆಗಳು ಉದುರಿದವು. ಕುಂಕುಮದ ಬಣ್ಣ ಐವತ್ತು ವರ್ಷದಲ್ಲಿ ಮಾಗಿ ದಾಳಿಂಬೆ ಸಿಪ್ಪೆಯ ಹಾಗಾಗಿತ್ತು. ಅಯ್ಯನವರು ಲಾಳಿಯನ್ನು ಪಕ್ಕಕ್ಕಿಟ್ಟು, ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಸೆರಗಿನ ಕಡೆಯಿಂದ ಬೆರಳಾಡಿಸುತ್ತ ಬಂದರು. ಒಂದು ಕಡೆ ಬೆರಳು ನಿಂತಿತು.

“ಕೈ ಕೊಡವ್ವ ಇಲ್ಲಿ. ಆ ಕೈ ಅಲ್ಲ, ಎಡಗೈ.” ಅವಳ ತೋರುಬೆರಳನ್ನು ಹಿಡಿದು ಹಿಂಬದಿಯ ಒಂದು ಎಳೆಯ ಮೇಲೆ ಇಟ್ಟರು. “ಸಿಕ್ತಾ?”

ಸಿಕ್ಕಿತು. ಸಾಸಿವೆಯಷ್ಟು ಸಣ್ಣ ಉಬ್ಬು. ಅಲ್ಲಿಂದ ಒಂದು ಮೊಳ ಮುಂದೆ ಇನ್ನೊಂದು. ಹೆದರಿಕೆಯಿಂದ ಬಿಗಿಯಾಗಿ ಹೊಸೆದಿದ್ದ ಎಳೆಗಳು. ಆ ಬೆರಳುಗಳನ್ನು ಅವಳು ನಿನ್ನೆ ಸಂಜೆಯೂ ನೋಡಿದ್ದಳು, ಬೂದಿ ಮೆತ್ತಿಕೊಂಡು ಅವಳ ಕೆನ್ನೆ ಹಿಂಡುವ ಬೆರಳುಗಳು.

“ಇನ್ನು ಬರಕೋ,” ಎಂದರು ಅಯ್ಯನವರು, ಸೀರೆಯನ್ನು ತೊಡೆಯಿಂದ ಇಳಿಸದೆಯೇ. ಅಂಬುಜಾಕ್ಷಿ ನೋಟ್‌ಬುಕ್ ಬಿಡಿಸಿದಳು. ಬರೆಸುವಾಗ ಅವರ ಮಾತು ಪುಸ್ತಕದ ಮಾತಾಗುತ್ತಿತ್ತು. “ನನ್ನ ಕರ್ತನು ನನ್ನ ಕೆಲಸವನ್ನು ತನ್ನದಾಗಿ ಮಾಡಿಕೊಂಡನು. ಪರರು ನನಗೆ ಅನ್ನವಿಟ್ಟರು. ಕಾ‌ಡಿನ ಜನರು ಹಾಸಲು ಚಾಪೆ ಕೊಟ್ಟರು.” ಮುಂದಿನದು ಸಂತೆಯಲ್ಲಿ ಯಾವತ್ತೂ ಹೇಳದ ಮಾತಿರಬೇಕು, ದನಿ ಇಳಿದಿತ್ತು. “ಆದರೆ ನನ್ನ ಸ್ವಂತ ಮನೆಯವರು ನನ್ನನ್ನು ಮರೆತರು. ತಂದೆ ಬಾಗಿಲು ಮುಚ್ಚಿದನು. ನನ್ನ ತಾಯಿಯಾಗಲಿ, ನಾನು ಹೆಗಲ ಮೇಲೆ ಹೊತ್ತು ಬೆಳೆಸಿದ ತಂಗಿಯಾಗಲಿ, ನನಗಾಗಿ ಒಂದು ಕೈ ಎತ್ತಲಿಲ್ಲ.”

“ಅಂಗನ್ಬ್ಯಾಡಿ ಅಯ್ನೋರೇ,” ಎಂದರು ಚನ್ನಮಲ್ಲಮ್ಮ ಮೆಲ್ಲಗೆ.

“ಇದ್ದಿದ್ದು ಅಂದೆ ಕಣವ್ವ. ಅದೊಂದು ಮುಳ್ಳು, ಸಾಯೋಗಂಟ ಇರ್ತದೆ. ಬರಕಂಡ್ಯಾ ಮಗಳೇ?”

‘ತಂಗಿಯಾಗಲಿ’ ಎಂಬಲ್ಲಿಗೆ ಅಂಬುಜಾಕ್ಷಿಯ ಪೆನ್ನು ನಿಂತಿತ್ತು. ಮುಂದಿನ ಪದ ಅವಳಿಗೆ ಗೊತ್ತಿತ್ತು, ಕೈ ಮಾತ್ರ ಬರೆಯಲು ಒಪ್ಪುತ್ತಿರಲಿಲ್ಲ. ಇಷ್ಟು ದಿನ ಅವಳು ಹೆದರಿದ್ದು ಅವರ ದೇವರನ್ನು ಕಿತ್ತುಕೊಂಡೇನೆಂದು. ಅವರಿಗೆ ತಂಗಿಯೇ ಇಲ್ಲದೆ ಐವತ್ತು ವರ್ಷ ಕಳೆದಿತ್ತೆಂಬುದು ಅವಳಿಗೆ ಹೊಳೆದಿರಲಿಲ್ಲ. ಅಜ್ಜಿಗೂ ಹೊಳೆದಿರಲಿಲ್ಲ. ಅಣ್ಣನಿಗೆ ಶಾಪ ತಟ್ಟದಿರಲಿ ಎಂದು ನೇಯ್ದವಳು, ಅಣ್ಣನ ಎದೆಯಲ್ಲಿ ಈ ಮುಳ್ಳು ಇದೆಯೆಂದು ತಿಳಿದಿದ್ದರೆ ‘ಏಳ್ಬೇಡ’ ಎನ್ನುತ್ತಿದ್ದಳೇ?

“ಪೆನ್ನಿನ ಸದ್ದೇ ಇಲ್ವಲ್ಲ,” ಎಂದು ಅಯ್ಯನವರು ಕಿವಿ ಅವಳ ಕಡೆ ತಿರುಗಿಸಿದರು. “ಇಂಕು ಮುಗೀತಾ?”

ಅಂಬುಜಾಕ್ಷಿ ಪೆನ್ನನ್ನು ಚಾಪೆಯ ಮೇಲಿಟ್ಟಳು. ಅವರ ತೊಡೆಯ ಮೇಲಿನ ಸೀರೆಯಲ್ಲಿ ಆ ಎಳೆಯನ್ನು ಎಡಗೈ ಬೆರಳಿನಿಂದ ಮತ್ತೆ ಹುಡುಕಿದಳು. ಅವರ ಬೆರಳನ್ನು ಹಿಡಿದು, ಅವರು ತನಗೆ ಮಾಡಿದ ಹಾಗೆಯೇ, ಅದರ ಮೇಲೆ ತಂದಿಟ್ಟಳು. ಆಮೇಲೆ, ಒಳಗಿನ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಇದನ್ನ ಹೊಸೆದಿದ್ದು ನಮ್ಮಜ್ಜಿ, ತಾತ. ನಿಮ್ಮ ತಂಗಿ, ಚಿಕ್ಕತಾಯಿ.”